ಜಟಕನ ದೊಣ್ಣೆ

ಆಗ ನನಗೆ ಎಪ್ಪತ್ತೋ ಎಪ್ಪತ್ತೆರಡೋ. ಈಗಿನಿಂದ ನಾಲ್ಕು ಮಳೆಗಾಲ ಹಿಂದಿನ ಮಾತು. ವಯಸ್ಸು ಸರಿಯಾಗಿ ಹೇಳು ಎಂದರೆ ನನ್ನಿಂದಾಗದು. ನಾನು ಹುಟ್ಟಿದ ವರ್ಷ ಗದ್ದೆಗೆ ಉಪ್ಪುನೀರು ನುಗ್ಗಿತ್ತು ಎಂದು ಅವ್ವಿ ಹೇಳುತ್ತಿದ್ದಳು. ನುಗ್ಗದ ವರ್ಷ ಯಾವುದು ಎಂದು ಮಾತ್ರ ಹೇಳಲಿಲ್ಲ. ಅಂತೂ ಆ ವಯಸ್ಸಿಗೆ ಬಂದ ಮೇಲೆ ಮೈಯ ಒಂದೊಂದೇ ಅಂಗ ಕೆಲಸ ಬಿಡುತ್ತದೆ. ಕೆಲವರಿಗೆ ಮೊದಲು ಕಣ್ಣು, ಕೆಲವರಿಗೆ ಮಂಡಿ. ನನಗೆ ಮೊದಲು ಹೋದದ್ದು ಮೂಗು. ಮದುವೆಯಾದಾಗಿನಿಂದ ನಶ್ಯ ಏರಿಸಿದ ಮೂಗು ಅದು, ಎಷ್ಟಂತ ದುಡಿದೀತು? ಮೂಗು ಹೋದರೆ ನಷ್ಟವಿಲ್ಲ, ಲಾಭವೇ ಹೆಚ್ಚು ಎಂದು ನಾನು ತಿಳಿದಿದ್ದೆ. ಬಸ್ಸಿನಲ್ಲಿ ಒಣಮೀನಿನ ಬುಟ್ಟಿಯ ಪಕ್ಕ ಯಾರೂ ಕೂರದ ಸೀಟು ಯಾವಾಗಲೂ ನನ್ನದೇ ಆಗಿತ್ತು. ಆದರೆ ಮೂಗಿಲ್ಲದವಳ ಹತ್ತಿರ ಬಾವಿ ಇರಬಾರದು ಎಂಬುದು ಆಮೇಲೆ ತಿಳಿಯಿತು.

ನಮ್ಮ ಮನೆ ಹಳದೀಪುರದ ಹತ್ತಿರ, ಹೆದ್ದಾರಿಯ ಮೂಡು ಬದಿಗೆ. ಮನೆಯ ಹಿಂದೆ ಒಂದು ತುಂಡು ಮರಳು ಭೂಮಿ, ನಡುವೆ ಕೆಂಪುಕಲ್ಲು ಕಟ್ಟಿದ ಬಾವಿ. ಆ ತುಂಡಿನಲ್ಲಿ ಹರಿವೆ, ಬಸಲೆ, ಮೊಗೆಕಾಯಿ, ಮಳೆ ಮುಗಿದ ಮೇಲೆ ಒಂದಿಷ್ಟು ಈರುಳ್ಳಿ ಬೆಳೆಯುತ್ತೇನೆ. ಎರಡು ಕೈಯಲ್ಲಿ ಎರಡು ಕೊಡ ಹಿಡಿದು ಸಾಲಿನ ನಡುವೆ ನೀರು ಹನಿಸುತ್ತಾ ನಡೆಯುವುದು ನಮ್ಮ ಕೇರಿಯ ಹೆಂಗಸರ ಕೆಲಸ. ಗಂಡಸರಿಗೆ ಆ ನಡಿಗೆ ಬರುವುದಿಲ್ಲ, ಬರುವುದಿಲ್ಲ ಎಂದು ಹೇಳಿಕೊಳ್ಳುವುದು ಬರುತ್ತದೆ. ಗಂಡ ಸತ್ತ ಮೇಲೂ ಮನೆ ನಿಂತದ್ದು ಆ ಬಾವಿಯ ಮೇಲೆ. ಬೇಸಿಗೆಯಲ್ಲಿ ಸುತ್ತಲಿನ ಬಾವಿಗಳು ತಳ ಕಾಣಿಸಿದರೂ ನಮ್ಮದು ಕಾಣಿಸಿದ್ದಿಲ್ಲ. ಹರಿವೆ ಕಟ್ಟುಗಳನ್ನು ಬುಟ್ಟಿಗೆ ತುಂಬಿ ಹೊನ್ನಾವರದ ಪೇಟೆಗೆ ಹೋದರೆ, ನನ್ನ ಬುಟ್ಟಿ ಖಾಲಿಯಾಗುವವರೆಗೆ ಉಳಿದವರಿಗೆ ಬೋಣಿ ಇಲ್ಲ. ಇದು ಜಂಬವಲ್ಲ. ಜಂಬವೇ ಇರಬಹುದು.

ಮೊದಲು ಹೇಳಿದವಳು ಸೊಸೆ ಸಾವಿತ್ರಿ. ಒಂದು ದಿನ ಗಂಜಿ ಬಡಿಸುತ್ತಾ, “ಅತ್ತೆ, ನೀರು ಎಂತದೋ ವಾಸ್ನೆ ಬತ್ತದೆ,” ಎಂದಳು.

“ಎಂತ ವಾಸ್ನೆ?”

“ಚಿಮಣಿ ಎಣ್ಣಿ ನಮ್ನಿ.”

“ಕೊಡ ಸಮಾ ತಿಕ್ಕು. ವಾಸ್ನೆ ಹೋಗ್ತದೆ.”

ಸೊಸೆ ಹೇಳಿದ್ದು ಸರಿ ಎಂದು ಮೊದಲ ಸಲಕ್ಕೇ ಒಪ್ಪಿದ ಅತ್ತೆ ಕುಮಟಾ, ಹೊನ್ನಾವರ, ಭಟ್ಕಳ ಮೂರೂ ತಾಲೂಕು ಹುಡುಕಿದರೂ ಸಿಗಲಾರಳು. ಅವಳು ಕೊಡ ತಿಕ್ಕಿದಳು, ಹಗ್ಗ ಬದಲಿಸಿದಳು, ಮತ್ತೂ ವಾಸನೆ ಎಂದಳು. ನಾನು ಬಗ್ಗಿ ನೋಡಿದೆ. ಬಾವಿಯ ನೀರಿನ ಮೇಲೆ ನವಿಲುಗರಿಯ ಬಣ್ಣ ಹರಡಿತ್ತು. ನೀಲಿ, ಹಸಿರು, ನೇರಳೆ. ಕೊಡ ಬಿಟ್ಟರೆ ಒಡೆಯುತ್ತದೆ, ಎತ್ತಿದರೆ ಕೂಡುತ್ತದೆ. ನನಗೆ ಚೆಂದ ಕಂಡಿತು. ನೆರೆಯವರನ್ನೂ ಕರೆದು ತೋರಿಸಿದೆ. ಅವರೂ ಚೆಂದ ಎಂದರು. ಬಾವಿಯಲ್ಲಿ ಕಪ್ಪೆ ಕೂಗುವುದು ನಿಂತು ಎಷ್ಟೋ ದಿನವಾಗಿತ್ತು ಎಂಬುದು ಯಾರ ತಲೆಗೂ ಹೋಗಲಿಲ್ಲ. ಕಪ್ಪೆಗೆ ನಶ್ಯದ ಚಟವಿಲ್ಲ, ಅದು ಮೊದಲೇ ಮೂಗು ಮುಚ್ಚಿಕೊಂಡು ಎದ್ದು ಹೋಗಿತ್ತು.

ಪೇಟೆಯಲ್ಲಿ ಮಾನ ಹೋಯಿತು. ನನ್ನ ಹತ್ತಿರವೇ ಹರಿವೆ ಒಯ್ಯುವ ಒಬ್ಬ ಮಾಸ್ತರರ ಹೆಂಡತಿ, ಬೇಯಿಸಿದ ಹುಳಿಯನ್ನು ಡಬ್ಬಿಯಲ್ಲಿ ಹಾಕಿಕೊಂಡು ಬಂದು ನನ್ನ ಮುಂದೆ ಇಟ್ಟಳು. “ಗಣಪಕ್ಕ, ನೀನೇ ಉಣ್ಣು. ಉಂಡು ಹೇಳು.” ಉಂಡೆ. ನನ್ನ ನಾಲಿಗೆಗೆ ಉಪ್ಪು ಕಡಿಮೆ ಎನಿಸಿತು, ಅದನ್ನೇ ಹೇಳಿದೆ. ಅವಳು ಡಬ್ಬಿಯನ್ನು ಪಕ್ಕದ ಬುಟ್ಟಿಯವಳ ಮೂಗಿಗೆ ಹಿಡಿದಳು. ಆ ಹೆಂಗಸು ಸೆರಗು ಮುಖಕ್ಕೆ ಒತ್ತಿಕೊಂಡಳು. ಅಂದಿನಿಂದ ಪೇಟೆಯಲ್ಲಿ ನಾನು ಪೆಟ್ರೋಲು ಗಣಪಿ. ಬರುವಾಗ ಬಸ್ಸಿನ ಕಂಡಕ್ಟರನಿಗೂ ಸುದ್ದಿ ಮುಟ್ಟಿತ್ತು. “ಅಜ್ಜೀ, ನಿನ್ನ ಬುಟ್ಟಿ ಡ್ರೈವರನ ಹತ್ರ ಇಡು ಮಾರಾಯ್ತಿ. ಡೀಸೆಲ್ ಖಾಲಿಯಾದ್ರೆ ನಾಲ್ಕು ಕಟ್ಟು ಹರಿವೆ ಹಾಕಿ ಕುಮಟಾ ಮುಟ್ಟುವ!” ಬಸ್ಸೆಲ್ಲ ನಕ್ಕಿತು. ನಾನು ಬೈದೆ. ಬೈಗಳಿಗೆ ಮೂಗು ಬೇಕಿಲ್ಲ.

ಆದರೆ ಮನೆಗೆ ಬಂದು ಬಾವಿಕಟ್ಟೆಯ ಮೇಲೆ ಕುಳಿತು ಲೆಕ್ಕ ಹಾಕಿದೆ. ಈ ನೀರು ಹೋದರೆ ನಾವು ಹೋದೆವು. ಮರಳು ಭೂಮಿ ನೀರಿಲ್ಲದೆ ಒಂದು ವಾರ ತಡೆಯುವುದಿಲ್ಲ. ಕುಡಿಯಲು ಎಲ್ಲಿಂದಾದರೂ ತರಬಹುದು, ಗಿಡಕ್ಕೆ ಹೊತ್ತು ತರಲಾಗುತ್ತದೆಯೇ? ಹರಿವೆ ಬೇರು ಸಮೇತ ಕಿತ್ತು ಹಾಕಿದೆವು. ಬಸಲೆ ಚಪ್ಪರ ತಾನೇ ಬಾಡಿತು.

ಕಳ್ಳ ಯಾರೆಂದು ಹುಡುಕಬೇಕಾಗಿರಲಿಲ್ಲ. ಹೆದ್ದಾರಿಯ ಪಡು ಬದಿಗೆ, ನಮ್ಮ ಮನೆಗೆ ಎದುರಾಗಿ, ಶಾನಭಾಗರ ಪೆಟ್ರೋಲು ಪಂಪು. ಶಾನಭಾಗರು ಕೆಟ್ಟವರಲ್ಲ. ಹಬ್ಬದ ದಿನ ನನ್ನಿಂದಲೇ ಮೊಗೆಕಾಯಿ ಒಯ್ಯುತ್ತಾರೆ, ಚೌಕಾಸಿ ಮಾಡುವಾಗ ಕೊಂಕಣಿಯಲ್ಲಿ ಗೊಣಗುತ್ತಾರೆ, ನನಗೆ ಕೊಂಕಣಿ ಬರುತ್ತದೆ ಎಂದು ಗೊತ್ತಿದ್ದೂ ಗೊಣಗುತ್ತಾರೆ. ಆದರೆ ಬಾವಿಯಲ್ಲಿ ಪೆಟ್ರೋಲು, ಎದುರಿಗೆ ಪೆಟ್ರೋಲು ಪಂಪು. ಇನ್ನೆಂತ ಸಾಕ್ಷಿ ಬೇಕು? ಒಂದು ಚೊಂಬು ನೀರು ತುಂಬಿಕೊಂಡು ರಸ್ತೆ ದಾಟಿ ಹೋದೆ.

“ಶಾನಭಾಗ್ರೆ, ಇದನ್ನ ಕುಡೀರಿ.”

ಅವರು ಮೂಸಿ ನೋಡಿದರು. ಮುಖ ಸಣ್ಣದಾಯಿತು. “ಗಣಪಕ್ಕ, ನನ್ನ ಟಾಕಿ ಸೋರೂದಿಲ್ಲ. ಬೆಳಿಗ್ಗೆ, ಸಂಜೆ ಕೋಲು ಅದ್ದಿ ನೋಡ್ತೆ. ಸೋರಿದ್ರೆ ನಂಗೇ ಮೊದ್ಲು ಹೊಟ್ಟೆ ಉರೀತಿತ್ತು.”

“ಹಂಗಾದ್ರೆ ನನ್ನ ಬಾವಿಗೆ ಪೆಟ್ರೋಲ್ ಮೋಡದಿಂದ ಬಿತ್ತಾ?”

“ಕಂಪನಿಗೆ ಫೋನ್ ಮಾಡ್ತೆ. ಅವರು ಬಂದು ನೋಡ್ಲಿ. ಅಲ್ಲೀವರೆಗೆ ನಮ್ಮ ನಲ್ಲಿ ನೀರು ಒಯ್ಯಿ.”

“ನಿಮ್ಮ ನೀರು ಮುಟ್ಟುಕೆ ನಂಗೆಂತ ಬಾಯಿ ಸುಟ್ಟೋಗದೆಯಾ?” ಎಂದು ಬಂದುಬಿಟ್ಟೆ. ಸಂಜೆ ಸಾವಿತ್ರಿ ಹೋಗಿ ಎರಡು ಕೊಡ ತಂದಳು. ಆ ನೀರಿನಲ್ಲೇ ಗಂಜಿ ಬೆಂದದ್ದು, ನಾನೂ ಉಂಡೆ. ಸಿಟ್ಟು ಬೇರೆ, ಹಸಿವು ಬೇರೆ.

ಕಂಪನಿಯನ್ನು ನಂಬಿ ಕೂರುವವಳು ನಾನಲ್ಲ. ನನಗೆ ಜಟಕನಿದ್ದ. ನಮ್ಮ ಮನೆಯಿಂದ ಮೂಡಕ್ಕೆ, ಹಿಂದೆ ರಸ್ತೆ ತಿರುವು ಹಾಕುತ್ತಿದ್ದ ಜಾಗದಲ್ಲಿ, ಒಂದು ದೊಡ್ಡ ಅಶ್ವತ್ಥ ಮರ, ಅದರ ಬುಡದಲ್ಲಿ ಮಣ್ಣಿನ ಕಟ್ಟೆ. ಕಟ್ಟೆಯ ಮೇಲೆ ಮೊದಲು ಜಟಕನ ಕಲ್ಲು ಇತ್ತಂತೆ. ಜಟಕನೆಂದರೆ ನಮ್ಮ ಕೇರಿ ಕಾಯುವ ದೇವರು, ರಾತ್ರಿ ಗಸ್ತು ತಿರುಗುವವನು. ನಾನು ಮದುವೆಯಾಗಿ ಬರುವಷ್ಟರಲ್ಲಿ ಕಲ್ಲು ಮಣ್ಣಿನಲ್ಲಿ ಹೂತುಹೋಗಿತ್ತು. ಉಳಿದದ್ದು ಅದರ ಪಕ್ಕ ನಿಂತ ಕಬ್ಬಿಣದ ಕೊಳವೆ. ನನ್ನ ತಲೆಗಿಂತ ಎತ್ತರ, ತುದಿ ಕೊಡೆಯ ಹಿಡಿಯ ಹಾಗೆ ಬಾಗಿತ್ತು. ಅತ್ತೆ ನನ್ನನ್ನು ಮೊದಲ ಸಲ ಅಲ್ಲಿಗೆ ಕರೆದೊಯ್ದಾಗ ಹೇಳಿದ್ದು, “ಇದು ಜಟಕನ ದೊಣ್ಣೆ. ತಿರುಗಾಟ ಮುಗ್ಸಿ ಇಲ್ಲಿ ಊರಿ ಇಟ್ಟು ಮಲಗ್ತಾನೆ. ದಿನಾ ದೀಪ ಹಚ್ಚು.” ಅತ್ತೆಯ ಮಾತಿಗೆ ಎದುರು ಆಡುವ ಕಾಲವಲ್ಲ ಅದು. ಅಂದಿನಿಂದ ದಿನವೂ ಎಣ್ಣೆ ಹಚ್ಚಿ, ಕುಂಕುಮ ಇಟ್ಟು, ಹೂ ಮುಡಿಸಿ, ಬುಡದಲ್ಲಿ ದೀಪ ಹಚ್ಚಿಕೊಂಡು ಬಂದಿದ್ದೇನೆ. ಎಣ್ಣೆ ಕುಂಕುಮ ಪದರ ಪದರವಾಗಿ ಕೂತು ಕಬ್ಬಿಣ ಕಾಣಿಸುತ್ತಲೇ ಇರಲಿಲ್ಲ.

ನಮ್ಮಲ್ಲಿ ನ್ಯಾಯ ಸಿಗದಿದ್ದರೆ ದೇವರಿಗೆ ದೂರು ಕೊಡುವುದಿದೆ. ಕಾಯಿ ಒಡೆದು, ಆದದ್ದು ಹೇಳಿ, ತಪ್ಪಿತಸ್ಥನಿಗೆ ಎಂತ ಆಗಬೇಕು ಎಂಬುದನ್ನೂ ನಾವೇ ಹೇಳಿಬಿಡಬೇಕು. ದೇವರಿಗೆ ಸಾವಿರ ಕೆಲಸ, ಶಿಕ್ಷೆ ಯೋಚಿಸುತ್ತಾ ಕೂರಲು ಪುರಸೊತ್ತಿಲ್ಲ. ನಾನು ಕಾಯಿ ಒಡೆದು ಗಟ್ಟಿಯಾಗಿ, ರಸ್ತೆಯಾಚೆ ಶಾನಭಾಗರಿಗೂ ಕೇಳಲಿ ಎಂದು, “ಜಟಕಾ, ನನ್ನ ಬಾವಿಗೆ ವಿಷ ಬಿಟ್ಟವನು ಎಲ್ಲೇ ಅಡಗಿರ್ಲಿ, ಎಳೆದು ಹೊರಗೆ ಹಾಕು. ನಾಲ್ಕು ಜನರ ಎದುರಿಗೆ ಅವನ ಹೊಟ್ಟೆ ಬಗಿ,” ಎಂದೆ. ದೀಪ ಹಚ್ಚಿ ಬಂದೆ.

ಕೆಲವು ದಿನ ಕಳೆದು ಕಂಪನಿಯ ಕಡೆಯವರು ಜೀಪಿನಲ್ಲಿ ಬಂದರು. ನಾನು ಯಾರೋ ಮೀಸೆಯ ಸಾಹೇಬ ಬರುತ್ತಾನೆ ಎಂದುಕೊಂಡಿದ್ದೆ. ಇಳಿದದ್ದು ಒಬ್ಬಳು ಹುಡುಗಿ. ತಲೆಗೆ ಬಟ್ಟೆ, ಅದರ ಮೇಲೆ ಹಳದಿ ಟೊಪ್ಪಿ, ಕಾಲಿಗೆ ಗಂಡಸರ ಬೂಟು. ಹೆಸರು ರುಬೀನಾ, ಭಟ್ಕಳದವಳು, ಭೂಮಿಯ ಒಳಗಿನದನ್ನು ಓದಿದವಳು. “ಅಜ್ಜಿ, ನಿಮ್ಮ ಬಾವಿ ನೋಡ್ಬಹುದಾ?” ಎಂದು ಕೇಳಿದಳು. ಕೇಳಿದ್ದೇ ನನಗೆ ಆಶ್ಚರ್ಯ. ಜೀಪಿನಿಂದ ಇಳಿದವರು ನಮ್ಮಲ್ಲಿ ಕೇಳುವ ಪದ್ಧತಿ ಇಲ್ಲ.

ಅವಳು ಮೊದಲು ಶಾನಭಾಗರ ಟಾಕಿಗಳನ್ನೇ ಹಿಡಿದಳು. ಪೆಟ್ರೋಲು ಪಂಪೆಂದರೆ ಮೇಲೆ ಕಾಣುವ ಪೆಟ್ಟಿಗೆಗಳು ಎಂದು ನಾನು ಅಷ್ಟು ದಿನ ತಿಳಿದಿದ್ದೆ. ಅಲ್ಲವಂತೆ. ಅದು ಬರೀ ಬಾಯಿ. ಹೊಟ್ಟೆ ನೆಲದೊಳಗೆ, ಮನೆಯಷ್ಟು ದೊಡ್ಡ ಟಾಕಿಗಳು. ಆ ಹೊಟ್ಟೆಯ ಬಾಯಿ ಕಟ್ಟಿ, ಒಳಗೆ ಗಾಳಿ ತುಂಬಿ, ಮುಳ್ಳಿರುವ ಗಡಿಯಾರದಂಥದನ್ನು ನೋಡುತ್ತಾ ಕುಳಿತಳು. ಮುಳ್ಳು ಇಳಿದರೆ ಎಲ್ಲೋ ತೂತಿದೆ ಎಂದರ್ಥ. ನಾನೂ ರಸ್ತೆ ದಾಟಿ ಹೋಗಿ ಮುಳ್ಳು ನೋಡುತ್ತಾ ಕುಳಿತೆ. ಇಳಿ, ಇಳಿ ಎಂದು ಮನಸ್ಸಿನಲ್ಲೇ ಬೇಡಿದೆ. ಅದು ಇಳಿಯಲಿಲ್ಲ. ಶಾನಭಾಗರು ನನಗೊಂದು ಕಪ್ ಚಹಾ ತರಿಸಿಕೊಟ್ಟರು. ಅಷ್ಟು ಕಹಿಯಾದ ಸಿಹಿ ಚಹಾ ನಾನು ಕುಡಿದದ್ದಿಲ್ಲ.

ಆಮೇಲೆ ರುಬೀನಾ ನಮ್ಮ ಬದಿಗೆ ಬಂದಳು. ತೋಟದಲ್ಲಿ, ರಸ್ತೆ ಬದಿಯಲ್ಲಿ, ಅಲ್ಲೊಂದು ಇಲ್ಲೊಂದು ಸಣ್ಣ ತೂತು ಕೊರೆಸಿ, ಸೀಳು ಸೀಳಿರುವ ಬಿಳಿ ಪೈಪು ಇಳಿಸಿದಳು. ಅದರೊಳಗೆ ಒಂದು ಪಟ್ಟಿ ಬಿಟ್ಟಳು. ಪಟ್ಟಿಯ ತುದಿ ಎಣ್ಣೆಗೆ ತಾಗಿದರೆ ಒಂದು ಕೂಗು, ನೀರಿಗೆ ತಾಗಿದರೆ ಇನ್ನೊಂದು. ನನಗೆ ನಿಜವಾಗಿಯೂ ರೋಮ ಎದ್ದದ್ದು ಅದನ್ನು ಕೇಳಿದಾಗ. ಕಣ್ಣಿಗೆ ಕಾಣದ ಕತ್ತಲೆಯಲ್ಲಿ ಇಳಿದು, ಇದು ಎಣ್ಣೆ, ಇದು ನೀರು ಎಂದು ಬೇರೆ ಬೇರೆ ಹೇಳುವ ಪಟ್ಟಿ! ನನ್ನ ಮುಖದ ನಡುವೆ ಕೂತ ಮೂಗಿಗೆ ಡಬ್ಬಿಯೊಳಗಿನ ಹುಳಿಯಲ್ಲಿ ಅದು ತಿಳಿದಿರಲಿಲ್ಲ. ಗಾಜಿನಂಥ ಕೊಳವೆ ಬಿಟ್ಟು ನೀರು ಎತ್ತಿ ತೋರಿಸಿದಳು. ಕೆಳಗೆ ನೀರು, ಮೇಲೆ ಬೆರಳು ದಪ್ಪ ಹೊನ್ನಿನ ಬಣ್ಣದ ಎಣ್ಣೆ, ಎರಡರ ನಡುವೆ ಗೆರೆ ಎಳೆದ ಹಾಗೆ.

“ಅಜ್ಜಿ, ನೆಲದೊಳಗೆ ನೀರು ನಿಂತಿರೂದಿಲ್ಲ. ನಡೀತಾ ಇರ್ತದೆ,” ಎಂದಳು.

“ಎಲ್ಲಿಗೆ?”

“ಘಟ್ಟದಿಂದ ಕಡಲಿಗೆ. ಬಹಳ ನಿಧಾನ. ನೀವು ಹರಿವೆಗೆ ನೀರು ಹನಿಸ್ತಾ ಹೋಗೂದಕ್ಕಿಂತ ಎಷ್ಟೋ ನಿಧಾನ.”

ಇಷ್ಟು ವರ್ಷ ಆ ನೆಲದ ಮೇಲೆ ಕೊಡ ಹಿಡಿದು ಓಡಾಡಿದ್ದೇನೆ. ನನ್ನ ಕಾಲಡಿಯಲ್ಲಿ ಇನ್ನೊಂದು ನಡಿಗೆ ನಡೆದೇ ಇತ್ತು, ಸದ್ದಿಲ್ಲದೆ, ನನ್ನ ಹಾಗೆ ಗೊಣಗದೆ. ಬಾವಿ ನೀರು ನನ್ನದು ಎಂದು ಜಗಳವಾಡುತ್ತಿದ್ದೆ. ಅದು ದಾರಿಯಲ್ಲಿ ಹೋಗುವ ನೀರು, ನನ್ನ ಬಾವಿಯಲ್ಲಿ ಸ್ವಲ್ಪ ಹೊತ್ತು ಕೂತು ಹೋಗುತ್ತಿತ್ತು, ಅಷ್ಟೇ.

“ಹಂಗಾದ್ರೆ,” ಎಂದೆ ನಿಧಾನವಾಗಿ, “ಶಾನಭಾಗ್ರ ಪಂಪು ಕಡಲ ಬದಿ. ನಾವು ಘಟ್ಟದ ಬದಿ.”

“ಹೌದು. ಅಲ್ಲಿ ಸೋರಿದ್ರೂ ಅದು ಕಡಲ ಕಡೆಗೇ ಹೋಗೂದು. ವಾಪಸ್ ಹತ್ತಿ ನಿಮ್ಮ ಬಾವಿಗೆ ಬರೂದಿಲ್ಲ. ನಿಮ್ಮ ಬಾವಿಗೆ ಬಂದದ್ದು ಮೂಡಿನಿಂದ.” ಅವಳು ಕೈ ಎತ್ತಿ ತೋರಿಸಿದಳು. ಬೆರಳು ನೇರ ಅಶ್ವತ್ಥ ಮರಕ್ಕೆ ಹೋಗಿ ನಿಂತಿತು. “ಆ ಮರದ ಹತ್ರ ಹೋದಷ್ಟೂ ಎಣ್ಣೆ ದಪ್ಪ ಆಗ್ತಾ ಹೋಗ್ತದೆ. ಅಲ್ಲಿ ಅಗೀಬೇಕು.”

ಕೇರಿಯಲ್ಲಿ ಗದ್ದಲವೆದ್ದಿತು. ಜಟಕನ ಕಟ್ಟೆಗೆ ಗುದ್ದಲಿ ಹಾಕುವುದೇ? ಕೇರಿಯ ಹಿರಿಯ ಬೊಮ್ಮಣ್ಣ, ಮಾತಿಗಿಂತ ಬೀಡಿಯನ್ನು ಹೆಚ್ಚು ಬಳಸುವ ಮನುಷ್ಯ, ಕೊನೆಗೆ ಹೇಳಿದ: “ಪ್ರಸಾದ ಕೇಳುವ. ಜಟಕ ಹೂಂ ಅಂದ್ರೆ ಅಗೀಲಿ.” ಪ್ರಸಾದ ಕೇಳುವುದೆಂದರೆ ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಹೂವಿನ ಎಸಳು ನೀರಲ್ಲಿ ಅದ್ದಿ ದೇವರ ಮೈಯ ಎಡಕ್ಕೂ ಬಲಕ್ಕೂ ಅಂಟಿಸಿ ಕಾಯಬೇಕು. ಬಲದ್ದು ಉದುರಿದರೆ ಆಗಬಹುದು, ಎಡದ್ದು ಉದುರಿದರೆ ಬೇಡ. ಮದುವೆ, ಮನೆ, ಕೋಣ ಮಾರುವುದು ಎಲ್ಲವೂ ಹಾಗೆಯೇ ತೀರ್ಮಾನ. ದಿನಾ ದೀಪ ಹಚ್ಚುವವಳು ನಾನಾದ್ದರಿಂದ ಎಸಳು ಅಂಟಿಸುವುದೂ ನನ್ನ ಪಾಲಿಗೆ ಬಂತು.

ಎಸಳು ಅದ್ದಿ ಎರಡೂ ಬದಿಗೆ ಅಂಟಿಸಿದೆ. ಬಲದ್ದು ಉದುರಿದರೆ ದೇವರ ದೊಣ್ಣೆ ಹೋಗುತ್ತದೆ, ಎಡದ್ದು ಉದುರಿದರೆ ಬಾವಿ ಹೋಗುತ್ತದೆ. ಎರಡರಲ್ಲಿ ಯಾವುದು ಬೇಕು ಎಂದು ಜಟಕ ತಿರುಗಿ ನನ್ನನ್ನೇ ಕೇಳಿದ್ದರೆ ನಾನೆಂತ ಹೇಳುತ್ತಿದ್ದೆ? ಆದರೆ ಅವನು ಏನೂ ಕೇಳಲಿಲ್ಲ, ಹೇಳಲೂ ಇಲ್ಲ. ಎಲ್ಲರೂ ಕೈ ಮುಗಿದು ನಿಂತೆವು. ಎಸಳು ಬೀಳಲಿಲ್ಲ. ಬಿಸಿಲು ಏರಿತು. ಬೀಳಲಿಲ್ಲ. ಎಲ್ಲಿಂದ ಬಿದ್ದೀತು? ನಾನೇ ವರ್ಷಗಟ್ಟಲೆ ಹಚ್ಚಿದ ಎಣ್ಣೆ ಕುಂಕುಮ ಹಲಸಿನ ಮೇಣದ ಹಾಗೆ ಆಗಿತ್ತು. ಅದಕ್ಕೆ ಅಂಟಿದ ನೊಣವೂ ವಾಪಸ್ಸು ಹೋದದ್ದಿಲ್ಲ. ದೇವರ ಬಾಯಿಯನ್ನು ಭಕ್ತಿಯಿಂದಲೇ ಮುಚ್ಚಿಬಿಟ್ಟಿದ್ದೆ.

ಬೊಮ್ಮಣ್ಣನಿಗೆ ಬೇಸರ ಬಂದು ಕಿವಿಯ ಮೇಲಿನ ಬೀಡಿ ತೆಗೆದು ಬಾಯಿಗಿಟ್ಟು ಕಡ್ಡಿ ಗೀರಲು ಹೊರಟ. ದೂರ ನಿಂತಿದ್ದ ರುಬೀನಾ, “ಅಯ್ಯೋ ಬೇಡ! ಹಚ್ಚಬೇಡಿ!” ಎಂದು ಓಡಿ ಬಂದಳು. ಅವಳ ಕೈಯಲ್ಲಿ ಟಾರ್ಚಿನಂಥ ಒಂದು ಯಂತ್ರವಿತ್ತು, ಗಾಳಿಯನ್ನು ಮೂಸುವ ಯಂತ್ರ. ಕೊಳವೆಯ ಬುಡದ ಹತ್ತಿರ ಬಂದದ್ದೇ ತಡ, ಅದು ಕೊರಳು ಹರಿಯುವ ಹಾಗೆ ಚೀರತೊಡಗಿತು.

ಇಡೀ ಕೇರಿ ನೆಲಕ್ಕೆ ಬಗ್ಗಿತು. “ಜಟಕ ಮಾತಾಡಿದ!” ಎಂದ ಬೊಮ್ಮಣ್ಣ, ಬೀಡಿ ಬಾಯಿಂದ ಜಾರಿ ಬಿತ್ತು. “ಹೂಂ ಅಂದ್ನಾ, ಊಹೂಂ ಅಂದ್ನಾ?” ಎಂದು ಹಿಂದಿನಿಂದ ಯಾರೋ ಕೇಳಿದರು.

ರುಬೀನಾ ಯಂತ್ರದ ಬಾಯಿ ಮುಚ್ಚಿಸಿ, ಬಗ್ಗಿ ಬುಡ ನೋಡಿದಳು, ಎದ್ದು ಬಾಗಿದ ತುದಿ ನೋಡಿದಳು. ಉಗುರಿನಿಂದ ಕುಂಕುಮ ಕೆರೆದು ಕಬ್ಬಿಣ ನೋಡಿದಳು. “ಅಜ್ಜಿ, ಬೇಜಾರ್ ಮಾಡ್ಕೋಬೇಡಿ. ಇದು ದೊಣ್ಣೆ ಅಲ್ಲ. ಟಾಕಿಯೊಳಗಿನ ಹೊಗೆ ಹೊರಗೆ ಬಿಡುವ ಉಸಿರುಕೊಳವೆ. ಕೆಳಗೆ ಹಳೇ ಪೆಟ್ರೋಲ್ ಟಾಕಿ ಅದೆ.”

ಆಗ ಶಾನಭಾಗರು ಗುಂಪಿನ ಹಿಂದಿನಿಂದ, “ಅಲ್ದಾ ಮತ್ತೆ! ನಮ್ಮಪ್ಪ ಹೇಳ್ತಿದ್ದ್ರು,” ಎಂದರು. ರಸ್ತೆ ನೇರ ಮಾಡುವ ಮೊದಲು ಈ ತಿರುವಿನಲ್ಲಿ ಕೈಯಿಂದ ತಿರುಗಿಸುವ ಒಂದು ಪಂಪು ಇತ್ತಂತೆ. ರಸ್ತೆ ಸರಿದ ಮೇಲೆ ಗಿರಾಕಿ ಇಲ್ಲದೆ ಅದರ ಯಜಮಾನ ಮುಂಬೈಗೆ ಹೋದನಂತೆ. ಮೇಲಿನದನ್ನು ಕಿತ್ತು ಒಯ್ದ. ಕೆಳಗಿನದನ್ನು ಯಾರು ಅಗೆಯುತ್ತಾರೆ? ತಳದಲ್ಲಿ ಉಳಿದ ಪೆಟ್ರೋಲಿನ ಸಮೇತ ಅದನ್ನು ಹಾಗೆಯೇ ಬಿಟ್ಟು, ಎಲ್ಲರೂ ಮರೆತರು. ಟಾಕಿ ತುಕ್ಕು ತಿನ್ನುತ್ತಾ ಮಲಗಿತ್ತು. ಈಚೆಗೆ ಹೆದ್ದಾರಿ ಅಗಲ ಮಾಡಲು ದೊಡ್ಡ ರೋಲರುಗಳು ನೆಲ ಕುಟ್ಟಿದ್ದೇ, ಅದರ ಹೊಟ್ಟೆ ಬಾಯಿಬಿಟ್ಟಿತು.

“ಇದು ಎಷ್ಟು ಅಪಾಯ ಗೊತ್ತುಂಟಾ?” ರುಬೀನಾ ಬೊಮ್ಮಣ್ಣನಿಗೆ ಹೇಳುತ್ತಿದ್ದಳು. “ಬುಡದಲ್ಲಿ ತುಕ್ಕು ಹಿಡಿದು ಕೊಳವೆ ತೂತಾಗಿದೆ. ಇಲ್ಲಿ ಒಂದು ಕಡ್ಡಿ ಗೀರಿದ್ರೂ—”

“ಎಂತ ಆಗ್ತದೆ?” ಎಂದೆ ನಾನು. “ನಾ ದಿನಾ ಅಲ್ಲೇ ದೀಪ ಹಚ್ಚೂದಲ್ದಾ?”

ಅವಳು ನನ್ನನ್ನು ನೋಡಿದಳು. ಕಪ್ಪಗಾದ ಹಣತೆಯನ್ನು ನೋಡಿದಳು. ಹಣತೆಯಿಂದ ಕೊಳವೆಯ ತೂತಿಗೆ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು. “ದಿನಾ?”

“ನಿನ್ನೆನೂ ಹಚ್ಚಿದ್ದೆ. ಮದಿಯಾಗಿ ಈ ಮನಿಗೆ ಬಂದಾಗಿಂದ.”

“ಯಾ ಅಲ್ಲಾ,” ಎಂದವಳೇ ಆ ಹುಡುಗಿ ಕಟ್ಟೆಯ ಮೇಲೆ ಕುಸಿದು ಕುಳಿತಳು. ಮುಖದಲ್ಲಿ ರಕ್ತವೇ ಇಲ್ಲ. ಟೊಪ್ಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ನೀರು ಕೇಳಿದಳು. ನೀರು ಎಲ್ಲಿದೆ? ನೀರಿಲ್ಲದೆಯಲ್ಲವೇ ಅವಳು ಬಂದದ್ದು? ಸಾವಿತ್ರಿ ಓಡಿಹೋಗಿ ಒಂದು ಎಳನೀರು ಕೆತ್ತಿಸಿ ತಂದಳು. ಅರ್ಧ ಕುಡಿದು ರುಬೀನಾ, ಕಡಲಗಾಳಿ ಬೀಸುವ ಜಾಗ, ಹೊಗೆ ನಿಲ್ಲದೆ ಹಾರಿ ಹೋಗಿರಬಹುದು, ತೂತು ಈಚಿನದಿರಬಹುದು, ಎಂದು ತನಗೆ ತಾನೇ ಹೇಳಿಕೊಂಡಳು. ಕೊನೆಗೆ, “ಎಂತದೋ ಅಜ್ಜಿ, ಹೇಳುಕೆ ಬರೂದಿಲ್ಲ,” ಎಂದಳು. ಅಷ್ಟು ಓದಿದವಳು ಹೇಳಲು ಬರುವುದಿಲ್ಲ ಎಂದಾಗ ನನಗೆ ಅವಳ ಮೇಲೆ ಇದ್ದ ನಂಬಿಕೆ ಇಮ್ಮಡಿಯಾಯಿತು.

ನನಗೆ ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳು. ಹೆದರಿಕೆ ತಡವಾಗಿ ಬಂತು, ಜ್ವರ ಬಂದ ಹಾಗೆ, ಮೊದಲು ಬೆನ್ನಿಗೆ. ಇಡೀ ಕೇರಿಯನ್ನು ನಾನು ದಿನಾ ಸಂಜೆ ಬೆಂಕಿಯ ಬಾಯಿಗೆ ಹಿಡಿದು ವಾಪಸ್ಸು ತೆಗೆಯುತ್ತಿದ್ದೆ, ಅದೂ ಕೈ ಮುಗಿದು, ಎಲ್ಲರನ್ನೂ ಕಾಪಾಡು ಎಂದು ಕೇಳುತ್ತಾ. ಅವನು ಕಾಪಾಡಿಯೂ ಇದ್ದ. ಇದಕ್ಕಿಂತ ದೊಡ್ಡ ಪವಾಡ ಯಾವ ದೇವಸ್ಥಾನದಲ್ಲಿ ನಡೆದಿದೆಯೋ ನನಗೆ ಗೊತ್ತಿಲ್ಲ. ನಡೆದಿದ್ದರೂ ನಡೆಸಿದವಳಿಗೆ ಗೊತ್ತಿಲ್ಲದೆ ನಡೆದಿರಲಾರದು.

ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನಾನು ಎರಡೂ ಎಸಳುಗಳನ್ನು ಕೈಯಿಂದಲೇ ಕಿತ್ತು ತೆಗೆದೆ. “ದೊಣ್ಣೆ ತೆಗೀರಿ,” ಎಂದೆ. “ಜಟಕನಿಗೆ ದೊಣ್ಣೆ ಬೇಕಾದ್ರೆ ಬಿದಿರಿನದು ಕಡಿದು ಕೊಡುವ. ನಂಗೆ ಇನ್ನೊಂದು ಬಾವಿ ತೋಡುಕೆ ಆಗೂದಿಲ್ಲ.”

“ಆತು,” ಎಂದ ಬೊಮ್ಮಣ್ಣ.

ಟಾಕಿ ಎತ್ತಿದ ದಿನ ಹಬ್ಬಕ್ಕಿಂತ ಹೆಚ್ಚು ಜನ. ಸುತ್ತ ಪಟ್ಟಿ ಕಟ್ಟಿ ನಮ್ಮನ್ನೆಲ್ಲ ದೂರ ನಿಲ್ಲಿಸಿದರು. ಫೋನು ಸಹ ಹಿಡಿಯಬಾರದು. ಮೊದಲು ಒಳಗೆ ಉಳಿದ ಎಣ್ಣೆಯನ್ನು ಡ್ರಮ್ಮಿಗೆ ಹೀರಿದರು. ಆಮೇಲೆ ಬಿಳಿ ಗಡ್ಡೆಗಳನ್ನು ಒಳಗೆ ಹಾಕಿದರು. ಮುಟ್ಟಿದರೆ ಕೈ ಸುಡುವಷ್ಟು ತಣ್ಣಗಿನ ಮಂಜುಗಡ್ಡೆಯಂತೆ. ಕರಗಿ ನೀರಾಗುವುದಿಲ್ಲ, ನೇರ ಹೊಗೆಯಾಗುತ್ತದೆ, ಆ ಹೊಗೆ ಪೆಟ್ರೋಲಿನ ಹೊಗೆಯನ್ನು ಹೊರಗೆ ಅಟ್ಟುತ್ತದೆ. ಬಿಳಿ ಹೊಗೆ ಜಟಕನ ಕಟ್ಟೆಯಿಂದ ಎದ್ದು ಅಶ್ವತ್ಥದ ಎಲೆಗಳ ನಡುವೆ ತೂರಿ ಹೋಯಿತು. ಮೂಸುವ ಯಂತ್ರ ಸುಮ್ಮನಾದ ಮೇಲೆ ಕ್ರೇನು ಎಳೆಯಿತು. ನೆಲ ಒಮ್ಮೆ ನರಳಿತು. ಕಡಲಿಂದ ದಡಕ್ಕೆ ಬಿದ್ದ ದೊಡ್ಡ ತಿಮಿಂಗಿಲವನ್ನು ನಾನು ಒಮ್ಮೆ ನೋಡಿದ್ದೆ. ಹಾಗೆಯೇ, ಕಪ್ಪಗೆ, ಉದ್ದಕ್ಕೆ, ಮಣ್ಣು ಸುರಿಸುತ್ತಾ ಅದು ಮೇಲೆ ಬಂತು. ಅಡಿಭಾಗ ಜಾಲರಿಯ ಹಾಗೆ ತೂತಾಗಿತ್ತು. ಇಷ್ಟು ವರ್ಷ ಅದರ ಮೇಲೆ ನಿಂತು ನಾನು ಕಷ್ಟ ಸುಖ ಹೇಳಿಕೊಂಡಿದ್ದೆ.

ಕಿಡಿ ಹಾರದಂತೆ ನೀರು ಬಿಡುತ್ತಾ ಅದನ್ನು ಉದ್ದಕ್ಕೆ ಕೊಯ್ದರು, ಒಳಗಿನ ಕೆಸರು ಬಳಿಯಲು. ಎರಡು ಹೋಳಾಗಿ ಅದು ತೆರೆದುಕೊಂಡಾಗ ಸಾವಿತ್ರಿ ನನ್ನ ತೋಳು ಹಿಡಿದಳು. “ಅತ್ತೆ, ನೀವು ದೂರು ಕೊಡುವಾಗ ಎಂತ ಹೇಳಿದ್ರಿ, ನೆನಪಿದ್ಯಾ?”

ನೆನಪಿತ್ತು. ಎಲ್ಲೇ ಅಡಗಿರಲಿ, ಎಳೆದು ಹೊರಗೆ ಹಾಕು, ನಾಲ್ಕು ಜನರ ಎದುರಿಗೆ ಹೊಟ್ಟೆ ಬಗಿ. ನಾನು ಕಳ್ಳನ ಮುಂದೆಯೇ ನಿಂತು ಕಳ್ಳನ ಮೇಲೆ ದೂರು ಕೊಟ್ಟಿದ್ದೆ. ಜಟಕ ತನ್ನ ದೊಣ್ಣೆ, ತನ್ನ ಕಟ್ಟೆ ಯಾವುದನ್ನೂ ನೋಡದೆ, ಒಂದು ಮಾತೂ ಬಿಡದೆ ನಡೆಸಿಕೊಟ್ಟಿದ್ದ. ಇಷ್ಟು ನಿಯತ್ತು ನಾನು ಮನುಷ್ಯರಲ್ಲಿ ಕಂಡಿಲ್ಲ. ನನ್ನಲ್ಲಿ ಮೊದಲೇ ಇಲ್ಲ.

ಬಾವಿಯ ಗತಿ ಎಂತಾಯಿತು ಎಂದು ಕೇಳುತ್ತೀರಿ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಎಣ್ಣೆ ಕುಡಿದ ಮಣ್ಣನ್ನೆಲ್ಲ ಲಾರಿಯಲ್ಲಿ ಸಾಗಿಸಿದರು. ಬಾವಿಯ ನೀರನ್ನು ಇದ್ದಿಲು ತುಂಬಿದ ಡ್ರಮ್ಮುಗಳ ಮೂಲಕ ಹಾಯಿಸಿ ಹಾಯಿಸಿ ತೊಳೆದರು. ಎರಡು ಮಳೆಗಾಲ ಬೇಕಾಯಿತು. ಅಲ್ಲಿಯವರೆಗೆ ಶಾನಭಾಗರ ನಲ್ಲಿ ನೀರೇ ಗತಿ. ಆಮೇಲೊಂದು ದಿನ ರುಬೀನಾ ಬಂದು ಶೀಶೆಯಲ್ಲಿ ನೀರು ಒಯ್ದು, ಪರೀಕ್ಷೆ ಮಾಡಿಸಿ, ಕುಡಿಯಬಹುದು ಎಂದು ಹೇಳಿಕಳಿಸಿದಳು. ಅದಕ್ಕೂ ಮೊದಲೇ ನಮಗೆ ಗೊತ್ತಾಗಿತ್ತು. ಕಪ್ಪೆ ವಾಪಸ್ಸು ಬಂದಿತ್ತು.

ಟಾಕಿ ಎತ್ತಿದ ದಿನವೇ ಆ ಗುಂಡಿಯಲ್ಲಿ, ಮಣ್ಣಿನ ನಡುವೆ, ಒಂದು ಸಣ್ಣ ಕಪ್ಪು ಕಲ್ಲು ಸಿಕ್ಕಿತು. ನಿಜವಾದ ಜಟಕ. ಮೈತುಂಬ ಪೆಟ್ರೋಲು ಕುಡಿದಿದ್ದ. ಲಾರಿಗೆ ಹಾಕಲು ಹೊರಟವರನ್ನು ಬೊಮ್ಮಣ್ಣ ತಡೆದ. ರುಬೀನಾ ಯೋಚಿಸಿ, ಚೆನ್ನಾಗಿ ತೊಳೆದು ಬಿಸಿಲಿಗೆ ಇಟ್ಟರೆ ಆದೀತು ಎಂದಳು. ಜೋರಾಗಿ ನೀರು ಬಿಟ್ಟು ತೊಳೆಯುವ ಸೌಕರ್ಯ ಇರುವುದು ಎಲ್ಲಿ? ಶಾನಭಾಗರ ಪಂಪಿನಲ್ಲಿ, ಲಾರಿ ತೊಳೆಯುವಲ್ಲಿ. ಅಲ್ಲಿಗೇ ಒಯ್ದು ಸೋಪು ಹಚ್ಚಿ, ದೊಡ್ಡ ಪೈಪಿನಲ್ಲಿ ನೀರು ಹೊಡೆದು, ಹಿಂದಿನ ಗೋಡೆಗೆ ಒರಗಿಸಿ ಇಟ್ಟರಂತೆ. ನಾನು ಸಂಜೆ ಹೋಗಲಿಲ್ಲ. ಮುಖವಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಎದ್ದು, ತಲೆಗೆ ನೀರು ಹಾಕಿಕೊಂಡು, ಹೂವು, ಹಣತೆ, ಬೆಂಕಿಪೊಟ್ಟಣ ಹಿಡಿದು ರಸ್ತೆ ದಾಟಿದೆ. ಕೊಟ್ಟ ದೂರನ್ನು ವಾಪಸ್ಸು ತೆಗೆದುಕೊಳ್ಳುವುದಕ್ಕೂ ಕ್ರಮವಿದೆ. ಯಾರ ಮೇಲೆ ಕೊಟ್ಟೆವೋ ಅವರ ಎದುರಿಗೇ ದೇವರ ಮುಂದೆ ತಪ್ಪಾಯಿತು ಎನ್ನಬೇಕು. ಶಾನಭಾಗರು ಗಲ್ಲಾದ ಹತ್ತಿರ ಊದಿನಕಡ್ಡಿ ಇಲ್ಲದ ಪೂಜೆ ಮಾಡುತ್ತಿದ್ದರು. “ಬನ್ನಿ ಶಾನಭಾಗ್ರೆ, ಒಂದ್ನಿಮಿಷ,” ಎಂದು ಕರೆದು, ಹಿಂದಿನ ಗೋಡೆಗೆ ಹೋದೆ. ಕಲ್ಲು ತೊಳೆದು ಲಕಲಕ ಎನ್ನುತ್ತಿತ್ತು. ಹೂವಿಟ್ಟೆ. “ತಪ್ಪಾತು ಜಟಕಾ, ಶಾನಭಾಗ್ರ ಮೇಲಿನ ಮಾತು ವಾಪಸ್ ತಗೊಂಡೆ,” ಎಂದೆ. ಶಾನಭಾಗರು, “ಆತು ಬಿಡು ಗಣಪಕ್ಕ,” ಎಂದರು. ಹಣತೆ ಇಟ್ಟು, ರೂಢಿಯಂತೆ ಕಡ್ಡಿ ತೆಗೆಯುತ್ತಾ ತಲೆ ಎತ್ತಿದೆ. ಕಲ್ಲಿನ ಹಿಂದೆ, ಗೋಡೆಗೆ ತಾಗಿ, ನನ್ನ ತಲೆಗಿಂತ ಎಷ್ಟೋ ಎತ್ತರಕ್ಕೆ, ಬಿಳಿ ಬಣ್ಣ ಬಳಿದ ಮೂರು ಕೊಳವೆಗಳು ಸಾಲಾಗಿ ನಿಂತಿದ್ದವು. ಮೂರರ ತುದಿಯೂ ಕೊಡೆಯ ಹಿಡಿಯ ಹಾಗೆ ಬಾಗಿತ್ತು.

“ಗಣಪಕ್ಕ! ಬೆಂಕಿಪೊಟ್ಟಣ ಕೊಡು ಇಲ್ಲಿ!” ಎಂದು ಶಾನಭಾಗರು ಕೂಗಿಕೊಂಡರು.

ಕೊಟ್ಟೆ. ಕಲ್ಲನ್ನು ಸೆರಗಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡೆ. ಹೊರಡುವ ಮೊದಲು, ಅವರು ಆಚೆ ತಿರುಗಿದಾಗ, ಉಳಿದ ಹೂವನ್ನು ಆ ಮೂರೂ ಕೊಳವೆಗಳ ಬುಡಕ್ಕೆ ಒಂದೊಂದರಂತೆ ಇಟ್ಟು ಕೈ ಮುಗಿದು ಬಂದೆ.